ಗಾಜಿಗೆ ಹಣೆಯಿಟ್ಟು ನೋಡುತ್ತಿದ್ದವರು

ಅವರ ಹಣೆಯ ನಡುವೆ ಯಾವಾಗಲೂ ಒಂದು ದುಂಡನೆಯ ಧೂಳಿನ ಗುರುತು ಇರುತ್ತಿತ್ತು. ಬೀದಿಯಲ್ಲಿ ನಿಂತ ಹಳೇ ಕಾರುಗಳ ಗಾಜಿನಿಂದ ಅಂಟಿದ್ದು. ಕಾರಿನ ಸೀಟು ಹೊಲಿಯುವ ಕೆಲಸ ಅವರದು. ನಮ್ಮೂರು ಬಂದ್ಯೋಡಿನಲ್ಲಿ ನಾವೆಲ್ಲ ಕುಶನ್ ಅಣ್ಣ ಎನ್ನುತ್ತಿದ್ದೆವು. ಕಾಸರಗೋಡು ಪೇಟೆಗೆ ಹೋದರೆ ಸಾಕು, ಎಲ್ಲಿ ಹಳೇ ಫಿಯೆಟ್ ನಿಂತಿದೆ, ಎಲ್ಲಿ ಓಪೆಲ್ ಇದೆ ಎಂದು ಹುಡುಕಿಕೊಂಡು ಹೋಗಿ, ಗಾಜಿಗೆ ಹಣೆಯಿಟ್ಟು ಒಳಗಿನ ಹೊಲಿಗೆ ನೋಡುವರು.

"ಅಣ್ಣಾ, ನಿಮಗೆ ಹೊಸ ಕಾರು ಕಣ್ಣಿಗೆ ಕಾಣುದಿಲ್ವಾ?" ಎಂದು ನಾನು ಚುಡಾಯಿಸಿದರೆ, "ಹೊಸದರಲ್ಲಿ ಎಂತ ಉಂಟು ಮಾರಾಯ? ಹಳೆಯದರ ಸೀಟಲ್ಲಿ ಅಜ್ಜನ ಕುಂಡೆಯ ಗುರುತೂ ಉಂಟು, ಮೊಮ್ಮಗನದ್ದೂ ಉಂಟು" ಎನ್ನುವರು.

ಮೊಬೈಲಿನಲ್ಲಿ ಮಕ್ಕಳ ಕಳ್ಳರ ಸುದ್ದಿ ಹರಿದಾಡುತ್ತಿದ್ದ ಬೇಸಿಗೆ. ಎರಡು ವರ್ಷದ ಮೊಮ್ಮಗಳು ನನ್ನ ಹಳೇ ಫಿಯೆಟ್ಟಿನಲ್ಲಿ ನಿದ್ದೆ ಹೋಗಿದ್ದಳು. ಪೇಟೆಯ ಔಷಧಿ ಅಂಗಡಿಗೆಂದು ಇಳಿಯುವಾಗ, ಕಳ್ಳರ ಹೆದರಿಕೆಗೆ ನಾನು ಎಲ್ಲ ಗಾಜು ಏರಿಸಿ ಬೀಗ ಹಾಕಿದೆ. ಐದು ನಿಮಿಷ ಎಂದುಕೊಂಡದ್ದು ಇಪ್ಪತ್ತಾಯಿತು.

ಹೊರಗೆ ಬಂದು ನೋಡಿದರೆ ಕಾರಿನ ಬಾಗಿಲು ತೆರೆದಿದೆ. ಯಾರೋ ನನ್ನ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದಾರೆ. ಬೆನ್ನು ಮಾತ್ರ ಕಂಡಿತು.

"ಕಳ್ಳ! ಮಗುವನ್ನು ಕೊಂಡೋಗ್ತಾ ಇದ್ದಾನೆ!" ಕಿರುಚಿದವನು ನಾನೇ.

ಜನ ಮುತ್ತಿದರು. ಏಟು ಬೀಳುತ್ತಿದ್ದರೂ ಆ ಮನುಷ್ಯ ಮಗುವಿನ ಮೇಲೆ ಬಾಗಿ, "ನೀರು, ಮೊದಲು ನೀರು ಕೊಡಿ" ಎನ್ನುತ್ತಿದ್ದರು. ಆ ಸ್ವರ! ನಾನು ನುಗ್ಗಿ ಬಿಡಿಸುವಷ್ಟರಲ್ಲಿ ಕುಶನ್ ಅಣ್ಣನ ಪಕ್ಕೆಲುಬು ಮುರಿದಿತ್ತು. ಹಳೇ ಫಿಯೆಟ್ ಎಂದು ಇಣುಕಿದವರಿಗೆ ಸೆಕೆಯಲ್ಲಿ ಬಾಡಿದ ಮಗು ಕಂಡಿತ್ತು. ಬಾಗಿಲ ಮೂಲೆಯ ಸಣ್ಣ ಗಾಜು ದೂಡಿ, ಕೈ ತೂರಿಸಿ ಒಳಗಿನ ಚಿಲಕ ತೆಗೆದು, ಅವಳನ್ನು ಹೊರಗೆ ತೆಗೆದಿದ್ದರು.

ಆಸ್ಪತ್ರೆಯಲ್ಲಿ ಅವರ ಕಾಲು ಹಿಡಿದೆ. "ಬಿಡು ಮಾರಾಯ. ನೀನು ಕೂಗದೆ ನಿಂತಿದ್ರೆ ನಿನ್ನನ್ನು ಅಜ್ಜ ಅಂತ ಯಾರು ಹೇಳ್ತಾರೆ? ಮಗು ಹಾಲು ಕುಡಿಯಿತಾ?" ಎಂದರು.

ಹಾಗೆ ಹೇಳಿದವರು ಆಮೇಲೆ ಬೀದಿಯಲ್ಲಿ ಹಳೇ ಕಾರು ಕಂಡರೆ ತಲೆ ತಗ್ಗಿಸಿ ಆಚೆ ಬದಿಗೆ ದಾಟುತ್ತಿದ್ದರು. ಉಸಿರಾಟ ಮತ್ತೆ ಸರಿಯಾಗಲೇ ಇಲ್ಲ. ಮರುವರ್ಷ ತೀರಿಕೊಂಡರು.

ಸಾವಿನ ಮನೆಗೆ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ನನ್ನ ಚಿನ್ನಕ್ಕೆ ಈಗ ಮೂರು ತುಂಬಿದೆ, ಹತ್ತರವರೆಗೆ ಎಣಿಸುತ್ತಾಳೆ, ಏಳನ್ನು ಬಿಟ್ಟು! ಕಾಲು ಒಂದು ಕಡೆ ನಿಲ್ಲುವುದಿಲ್ಲ. ಅಣ್ಣನನ್ನು ಜಗಲಿಯಲ್ಲಿ ಮಲಗಿಸಿದ್ದಾಗಲೇ ಅಂಗಳದಲ್ಲಿ ಕೋಳಿಮರಿಯ ಹಿಂದೆ ಓಡಿ ಗಟ್ಟಿಯಾಗಿ ನಕ್ಕಳು. ಎಲ್ಲರೂ ನನ್ನ ಮುಖ ನೋಡಿದರು. ಗದರಿಸಲು ಎದ್ದೆ.

ಅವರ ಹೆಂಡತಿ ಕೂತಲ್ಲಿಂದಲೇ ನನ್ನ ಕೈ ಹಿಡಿದು ಜಗ್ಗಿದರು.

"ನಗಲಿ, ಬಿಡಿ. ಅವರಿಗೂ ಕೇಳಲಿ."