ನಡುಕೋಣೆಯ ಗೂಟ

ನಮ್ಮ ಮನೆಯ ನಡುಕೋಣೆಯ ಪೂರ್ವದ ಗೋಡೆಯಲ್ಲಿ ಒಂದು ಮರದ ಗೂಟವಿದೆ. ಅದಕ್ಕೆ ಏನನ್ನೂ ತೂಗುಹಾಕಿಲ್ಲ. ಇಷ್ಟು ಅಲ್ಪವಾದ ಸಂಗತಿ ಬರೆಯಲು ಯೋಗ್ಯವೇ ಎಂದು ತಾವು ಕೇಳುವುದಾದರೆ, ತಾವು ನಮ್ಮ ಸೀಮೆಯ ಮನೆಗಳನ್ನು ಹೊಕ್ಕು ನೋಡಿಲ್ಲವೆಂದೇ ನಾನು ತಿಳಿಯಬೇಕಾಗುತ್ತದೆ. ನಮ್ಮ ತಾಲ್ಲೂಕಿನ ಮಧುರೆಯಿಂದ ಸಾಸಲಿನವರೆಗೆ ಯಾವ ಮನೆಗಾದರೂ ಹೋಗಿ, ಗೋಡೆಯಿಂದ ಮೂತಿ ಚಾಚಿದ ಒಂದೇ ಒಂದು ಮೊಳೆಯಾಗಲಿ ಗೂಟವಾಗಲಿ ನಿರುದ್ಯೋಗಿಯಾಗಿ ಕಾಣಸಿಗದು. ಏಳು ವರ್ಷದ ಕ್ಯಾಲೆಂಡರುಗಳು ಒಂದರ ಬೆನ್ನ ಮೇಲೊಂದು, ಅವುಗಳ ಮೇಲೆ ಯಾವ ಬೀಗಕ್ಕೂ ಸಲ್ಲದ ಬೀಗದ ಕೈಗಳ ಗೊಂಚಲು, ಅದರ ಮೇಲೆ ಒಗೆಯಬೇಕೋ ತೊಡಬೇಕೋ ಇನ್ನೂ ತೀರ್ಮಾನವಾಗದ ಒಂದು ಅಂಗಿ: ಇದು ನಮ್ಮಲ್ಲಿ ಒಂದು ಮೊಳೆಯ ಸಾಮಾನ್ಯ ಸಂಸಾರ. ಹೀಗಿರುವಾಗ ನಮ್ಮ ಮನೆಗೆ ಬಂದವರು, ದೊಡ್ಡಬಳ್ಳಾಪುರದ ಸ್ಟ್ಯಾಂಡಿನಲ್ಲಿ ಕಿಕ್ಕಿರಿದ ಬಸ್ಸು ಹತ್ತಿ ಅದರೊಳಗೊಂದು ಖಾಲಿ ಸೀಟನ್ನು ಕಂಡವರಂತೆ ಆ ಗೂಟದ ಮುಂದೆ ನಿಂತುಬಿಡುತ್ತಾರೆ. "ಏನ್ ಸಾರ್, ಯಾರೂ ಇಲ್ವಾ ಇಲ್ಲಿ?" ಎಂದು ಕೇಳುವುದೊಂದು ಬಾಕಿ.

ನಾನು ವೃತ್ತಿಯಿಂದ ಮೋಜಣಿದಾರ, ಅಂದರೆ ಸರಪಳಿ ಹಿಡಿದು ಊರವರ ಭೂಮಿಯನ್ನು ಅಳೆಯುವವನು. ಹಗಲೆಲ್ಲ ಎಕರೆ ಗುಂಟೆಗಳ ವಿಸ್ತಾರದಲ್ಲಿ ವಿಹರಿಸಿ ಸಂಜೆ ಮನೆಗೆ ಬಂದರೆ ನನ್ನ ಕಾಲು ಚಾಚಲು ಎರಡೂವರೆ ಅಡಿ ಚದರ ಸಿಗುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುವ ಕಾಲ ಅದು. ಟಿ.ವಿ. ಎಂಬುದು ಮನೆಗೆ ಬಂದಿತ್ತು, ಟಿ.ವಿ.ಗಿಂತ ದೊಡ್ಡದಾದ ಅದರ ರಟ್ಟಿನ ಡಬ್ಬವೂ ಬಂದಿತ್ತು. ಡಬ್ಬದೊಳಗಿನ ಥರ್ಮೊಕೋಲನ್ನು ನನ್ನ ಹೆಂಡತಿ ಸರೋಜ ಆಭರಣದಂತೆ ಒರೆಸಿ ಅಡಿಗೆಮನೆಯ ಅಟ್ಟಕ್ಕೆ ಎತ್ತಿಟ್ಟಿದ್ದಳು. ನಮ್ಮ ಮಗಳು ಕಾಲೇಜು ಮುಗಿಸಿದ್ದರೂ ಅವಳ ತೊಟ್ಟಿಲು ಮುಗಿದಿರಲಿಲ್ಲ. ಬಟ್ಟೆಯಿಲ್ಲದ ಛತ್ರಿಯ ಕಡ್ಡಿಗಳು, ಮುಚ್ಚಳವಿಲ್ಲದ ಜಾಡಿಗಳು, ಜಾಡಿಯಿಲ್ಲದ ಮುಚ್ಚಳಗಳು ಎಲ್ಲವೂ ನಡುಕೋಣೆಯಲ್ಲಿ ಪರಸ್ಪರ ಸೌಹಾರ್ದದಿಂದ ನೆಲೆಸಿದ್ದವು. ಇವುಗಳ ಕುರಿತು ನಾನು ಎತ್ತಿದ ಆಕ್ಷೇಪಣೆಗಳಿಗೆಲ್ಲ ಸರೋಜಳ ಬಳಿ ಎರಡೇ ಪದದ ಒಂದು ಭಾಷ್ಯವಿತ್ತು: "ಇರ್ಲಿ ಬಿಡಿ." ವೇದಾಂತಿಗಳು ಸಾವಿರ ಪುಟಗಳಲ್ಲಿ ಮಾಡಲಾಗದ ಖಂಡನೆಯನ್ನು ಆಕೆ ಒಗ್ಗರಣೆ ಹಾಕುತ್ತಲೇ ಮುಗಿಸುತ್ತಿದ್ದಳು.

ನನ್ನ ಪಕ್ಷವನ್ನು ಸ್ವಲ್ಪ ಸ್ಪಷ್ಟಪಡಿಸಬೇಕು. ನಾನು ವಿರಾಗಿಯಲ್ಲ, ಹೋಳಿಗೆಯ ವಿಷಯದಲ್ಲಿ ನನ್ನ ಅಪರಿಗ್ರಹ ಎಂದೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿಲ್ಲ. ಆದರೆ ಒಮ್ಮೆ ಅಳತೆಗೆಂದು ನೆಲಮಂಗಲದ ಕಡೆಗೆ ಹೋದಾಗ, ಸುಣ್ಣ ಬಳಿದು ಇನ್ನೂ ಗೃಹಪ್ರವೇಶವಾಗದ ಒಂದು ಮನೆಯಲ್ಲಿ ಕುಳಿತು ಬುತ್ತಿ ಬಿಚ್ಚಿದ್ದೆ. ನಾಲ್ಕು ಗೋಡೆ, ನೆಲದ ಮೇಲೆ ಕಿಟಕಿಯಷ್ಟೇ ಆಕಾರದ ಬಿಸಿಲು, ನಾನು, ಮತ್ತು ಉಪ್ಪಿನಕಾಯಿ. ಆ ಅರ್ಧ ಗಂಟೆಯಲ್ಲಿ ನನ್ನ ಉಸಿರಿನ ಸದ್ದನ್ನು ನಾನೇ ಕೇಳಿಸಿಕೊಂಡೆ. ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ನನ್ನ ಮನೆಯಲ್ಲೂ ಇಂಥ ಒಂದು ಕೋಣೆಯನ್ನು ಸಂಪಾದಿಸದೆ ಸಾಯತಕ್ಕದ್ದಲ್ಲವೆಂದು ಅಲ್ಲೇ ಸಂಕಲ್ಪಿಸಿದೆ. ಸಂಕಲ್ಪಕ್ಕೆ ಸಾಕ್ಷಿ ಉಪ್ಪಿನಕಾಯಿಯೇ.

ಮುಹೂರ್ತ ಕೂಡಿಬಂದದ್ದು ಸರೋಜ ತಂಗಿಯ ಬಾಣಂತನಕ್ಕೆಂದು ಹನ್ನೆರಡು ದಿನ ತನ್ನ ತವರು ಸಮೇತನಹಳ್ಳಿಗೆ ಹೋದಾಗ. ಹೊಸಕೋಟೆಯ ಬಸ್ಸಿನ ಧೂಳು ಅಡಗುವ ಮೊದಲೇ ಗುಜರಿಯವನು ನಮ್ಮ ಬಾಗಿಲಲ್ಲಿದ್ದ. ತೊಟ್ಟಿಲು ಯಾರದೋ ಮೊಮ್ಮಗನಿಗೆ ಹೋಯಿತು, ಜಾಡಿಗಳು ಗುಜರಿಯ ಮೂಟೆಗೆ ಹೋದವು. ಕೊನೆಗೆ ಗುಜರಿಯವನೂ ಮೂಗು ಮುರಿದ ಒಂದು ವಸ್ತು ಮಾತ್ರ ಉಳಿಯಿತು: ಗೋಡೆಗೊರಗಿಸಿದ ಹನ್ನೆರಡು ಹಳೆಯ ಚಂದ್ರಂಕಿಗಳು.

ರೇಷ್ಮೆಯ ಸಹವಾಸವಿಲ್ಲದವರಿಗಾಗಿ ಒಂದು ಮಾತು. ಚಂದ್ರಂಕಿಯೆಂದರೆ ಆಳೆತ್ತರದ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಚಕ್ಕುಲಿಯಂತೆ ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ ಹುಳುಗಳನ್ನು ಆ ಸುತ್ತುಗಳೊಳಗೆ ಬಿಟ್ಟರೆ ಅವು ಅಲ್ಲಿ ಗೂಡು ಕಟ್ಟುತ್ತವೆ. ಬೆಳೆಯೊಂದಕ್ಕೆ ಅದರ ಕೆಲಸ ನಾಲ್ಕೈದು ದಿನ. ಉಳಿದ ಕಾಲವೆಲ್ಲ ಗೋಡೆಗೊರಗುವುದೇ ಅದರ ಉದ್ಯೋಗ. ಇವು ನನ್ನ ತಾಯಿಯವು. ಆಕೆ ಹೋಗಿ, ನಾವು ಹಿಪ್ಪುನೇರಳೆ ಕಿತ್ತು ಹದಿನೈದು ವರ್ಷಗಳಾಗಿದ್ದವು. ಹದಿನೈದು ವರ್ಷ ಗೋಡೆಗೊರಗಿದ್ದನ್ನು ಗೋಡೆಯ ಮೇಲಿನ ಹೊರೆಯೆಂದೇ ನಾನು ತೀರ್ಮಾನಿಸಿದೆ. ದಿನಕ್ಕೊಂದರಂತೆ ಹಂಡೆಯ ಒಲೆಗೆ ಇಟ್ಟೆ. ಒಣಬಿದಿರು ಪಟಪಟನೆ ಉರಿಯುತ್ತಿದ್ದರೆ ಮನೆಯಲ್ಲಿ ನಿತ್ಯ ದೀಪಾವಳಿ. ನನಗೆ ಹನ್ನೆರಡು ದಿನ ಅಖಂಡ ಅಭ್ಯಂಜನ.

ಹದಿಮೂರನೆಯ ದಿನ ಸರೋಜ ಬಂದಳು. ನಡುಕೋಣೆಯ ಹೊಸ್ತಿಲಲ್ಲಿ ಚೀಲ ಇಳಿಸದೆ ನಿಂತು, ತೊಳೆದ ನೆಲವನ್ನೂ ಬೋಳು ಗೋಡೆಗಳನ್ನೂ ನೋಡಿ, "ಯಾರು ಹೋಗ್ಬಿಟ್ರು?" ಎಂದಳು. ನಮ್ಮಲ್ಲಿ ಕೋಣೆಯೊಂದು ಇಷ್ಟು ಚೊಕ್ಕಟವಾಗುವುದು ಸೂತಕ ಕಳೆದ ಮೇಲೆ ಮಾತ್ರ. ಅಂದು ಆಕೆ ಬೇರೆ ಮಾತಾಡಲಿಲ್ಲ. ನಾನು ಆ ಮೌನವನ್ನೂ ಕೋಣೆಯ ಸೌಂದರ್ಯದ ಅಂಗವೆಂದೇ ಪರಿಗ್ರಹಿಸಿ ಚಾಪೆಯ ಮೇಲೆ ಕಾಲು ಚಾಚಿದೆ.

ಮರುದಿನ ಬೆಳಿಗ್ಗೆ, ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದಾಗ ಹಿತ್ತಲ ಬಾಗಿಲಿಗೆ ಮುನಿತಾಯಮ್ಮ ಬಂದಳು. ನಮ್ಮ ಹಿಂದಿನ ಮನೆಯವಳು; ನನ್ನ ಬಾಲ್ಯದ ಗೆಳೆಯ ಪಿಳ್ಳಪ್ಪನ ಹೆಂಡತಿ.

"ಸರೋಜಕ್ಕಾ, ಹುಳ ಹಣ್ಣಾಗ್ಬಿಟ್ಟವೆ ಕಣಕ್ಕಾ. ಚಂದ್ರಂಕಿ ತಗೊಂಡೋಗ್ತೀನಿ" ಎಂದಳು. ಅದು ಕೇಳಿಕೆಯಲ್ಲ, ಬರಿಯ ತಿಳುವಳಿಕೆ. ಪ್ರತಿ ಬೆಳೆಗೂ ಆ ಹನ್ನೆರಡು ಚಂದ್ರಂಕಿಗಳು ನಾನು ಆಫೀಸಿನಲ್ಲಿರುವಾಗ ಹಿತ್ತಲಿನಿಂದ ಹೋಗಿ, ಐದು ದಿನ ದುಡಿದು, ನಾನು ಆಫೀಸಿನಲ್ಲಿರುವಾಗಲೇ ಹಿಂದಿರುಗಿ ಗೋಡೆಗೊರಗುತ್ತಿದ್ದವೆಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಅಷ್ಟು ಸಾಮಾನಿನ ರಾಶಿಯಲ್ಲಿ ಹನ್ನೆರಡು ತಟ್ಟಿಗಳಿಲ್ಲದ್ದು ಕಣ್ಣಿಗೆ ಬೀಳುವಂತಿರಲಿಲ್ಲ. ಊರ ಗಡಿಗಳನ್ನೆಲ್ಲ ಬಲ್ಲ ಮೋಜಣಿದಾರನಿಗೆ ತನ್ನ ಹಿತ್ತಲ ಬಾಗಿಲಿನ ಸಂಚಾರ ತಿಳಿದಿರಲಿಲ್ಲ.

ಸರೋಜ ನನ್ನತ್ತ ನೋಡಿ, "ಅವರನ್ನೇ ಕೇಳು" ಎಂದಳು.

"ಸುಟ್ಟೆ" ಎಂದೆ.

"ಸುಟ್ಬಿಟ್ರಾ? ಹನ್ನೆರಡೂನಾ?" ಮುನಿತಾಯಮ್ಮ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಕೆ ನನ್ನ ಒದ್ದೆ ತಲೆಯನ್ನು ನೋಡಿ, "ನೀರು ಕಾಯ್ಸಕ್ಕಾ ಸಾಮಿ?" ಎಂದಷ್ಟೇ ಕೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಆಕೆ ಹಾಗೆ ಕುಳಿತದ್ದೇಕೆಂದು ಹೇಳಬೇಕು. ಹುಳು ಸಾಕುವ ಮನೆಯಲ್ಲಿ ಹುಳುವೇ ಯಜಮಾನ. ಅದಕ್ಕೆ ಒಗ್ಗರಣೆಯ ಘಾಟು ಆಗದು, ಊದುಬತ್ತಿ ಆಗದು, ಮೆಣಸಿನಕಾಯಿಯ ಮೂಟೆ ಆಗದು. ಇರುವುದೊಂದೇ ಅಂಕಣದ ಮನೆಯಾದ್ದರಿಂದ ವರ್ಷಕ್ಕೆ ಐದು ಸಲ ಮುನಿತಾಯಮ್ಮ ತನ್ನ ಮಡಕೆ, ಪೆಟ್ಟಿಗೆ, ಹಾಸಿಗೆಗಳನ್ನೆಲ್ಲ ಹೊರಗಿನ ಹೊಂಗೆಮರದ ಕೆಳಗೆ ಸಾಗಿಸಿ, ತಿಂಗಳೊಪ್ಪತ್ತು ಅಲ್ಲೇ ಅಡಿಗೆ ಮಾಡುತ್ತಿದ್ದಳು. ನಾನು ಹೋರಾಡಿ ಪಡೆದ ಬೋಳು ಮನೆ ಆಕೆಗೆ ಬೇಡವೆಂದರೂ ಬರುತ್ತಿತ್ತು. ಈ ಬೆಳೆ ಕೈಗೆ ಹತ್ತಿದರೆ ಹುಳುವಿಗೇ ಬೇರೆ ಮನೆ ಎಬ್ಬಿಸಿ ಶೀಟು ಹೊದಿಸುವುದೆಂದು ಗಂಡ ಹೆಂಡಿರು ನಿಶ್ಚಯಿಸಿದ್ದರು. "ಆಮೇಲೆ ನೋಡ್ತಾ ಇರಿ, ಮನೆ ತುಂಬ ಸಾಮಾನು ಇಟ್ಕೊಂಡು ಮಧ್ಯ ಗೌರಮ್ಮನಂಗೆ ಕೂತ್ಕೋತೀನಿ" ಎಂದು ಆಕೆ ಸರೋಜಳ ಬಳಿ ಹೇಳುವುದನ್ನು ನಾನೇ ಕೇಳಿದ್ದೆ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಜೇನಿನ ಬಣ್ಣಕ್ಕೆ ತಿರುಗಿ ತಲೆಯೆತ್ತಿತೆಂದರೆ ಸಂಜೆಯೊಳಗೆ ನೂಲಲೇಬೇಕು. ಜಾಗ ಸಿಗದಿದ್ದರೆ ಸೊಪ್ಪಿನ ಕಸದಲ್ಲೇ, ಎರಡೆರಡು ಸೇರಿ ಒಂದೇ ಗೂಡು ಸುತ್ತಿಕೊಳ್ಳುತ್ತವೆ. ಆ ಜೋಡಿಗೂಡಿಗೆ ಮಾರ್ಕೆಟ್ಟಿನಲ್ಲಿ ಮರ್ಯಾದೆಯಿಲ್ಲ.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಿಳ್ಳಪ್ಪನ ತಲೆ ಮೂಡಿತು. "ಲೇ, ಊರೋರ್ ಜಾಗ ಎಲ್ಲಾ ಅಳೆದು ಅಳೆದು ಕೊಡ್ತೀಯ. ನಿನ್ ಮನೇಲಿ ಹನ್ನೆರಡು ತಟ್ಟಿಗೆ ಜಾಗ ಇರ್ಲಿಲ್ವೇನ್ಲಾ?"

"ಗಾಡಿ ಕಟ್ಟು" ಎಂದೆ. ಸರ್ಕಾರಿ ಸೇವೆಯಲ್ಲಿ ಮೊದಲ ಬಾರಿಗೆ ಅರ್ಜಿಯಿಲ್ಲದೆ ರಜೆ ಹಾಕಿದೆ. ಹನ್ನೆರಡನ್ನು ಸುಟ್ಟವನು ಹನ್ನೆರಡನ್ನು ತರಬೇಕು. ಲೆಕ್ಕ ಅಷ್ಟು ಸರಳ.

ಆ ದಿನದ ನನ್ನ ಯಾತ್ರೆಯನ್ನು ತಾವು ಕಲ್ಪಿಸಿಕೊಳ್ಳಬೇಕು. ಅಟ್ಟಗಳ ಆಜನ್ಮವೈರಿಯೊಬ್ಬ ಎತ್ತಿನ ಗಾಡಿಯಲ್ಲಿ ಕುಳಿತು ಮನೆಮನೆಯ ಅಟ್ಟಕ್ಕೂ ತಲೆಬಾಗುತ್ತ ಹೋದ. ಸುದ್ದಿ ಗಾಡಿಗಿಂತ ಮುಂದೆ ಓಡುತ್ತಿತ್ತು. "ಏನ್ ಸಾರ್, ಹಳೇದೆಲ್ಲ ಗುಜರಿಗೆ ಹಾಕ್ಬಿಟ್ರಂತೆ? ಈಗ ನಮ್ ಹಳೇದ್ ಬೇಕಾ?" ಎಂದು ಒಂದು ಮನೆಯಲ್ಲಿ ಕೇಳಿದರೆ, "ಕೊಡ್ತೀವಿ, ಆದ್ರೆ ಸ್ನಾನ ಮಾಡ್ಬಾರ್ದು ನೀವು" ಎಂದು ಇನ್ನೊಂದು ಮನೆಯಲ್ಲಿ ಷರತ್ತು ಹಾಕಿದರು. ಒಂದು ಚಂದ್ರಂಕಿ ಬಚ್ಚಲಿಗೆ ಮರೆಯಾಗಿತ್ತು. ಒಂದರ ಮೇಲೆ ಹಪ್ಪಳ ಒಣಗುತ್ತಿತ್ತು. ಮತ್ತೊಂದು ಮೇಕೆಗಳ ದೊಡ್ಡಿಗೆ ಬಾಗಿಲಾಗಿದ್ದರಿಂದ, ಅದನ್ನು ಬಿಚ್ಚಿಕೊಂಡ ಮೇಲೆ ಮೇಕೆಗಳು ನಮ್ಮನ್ನು ಊರಾಚೆಯವರೆಗೆ ಬೀಳ್ಕೊಟ್ಟವು. ಬೈದರು, ನಕ್ಕರು, ಆದರೆ ಇದ್ದ ಯಾರೂ ಇಲ್ಲವೆನ್ನಲಿಲ್ಲ.

ಗಾಡಿಯಲ್ಲಿ ಎಂಟು ಚಂದ್ರಂಕಿಗಳಾಗಿದ್ದವು. ಊರ ಕೊನೆಯ ಮನೆಯ ಅಜ್ಜಿ ತನ್ನ ಅಟ್ಟದಿಂದ ಒಂಬತ್ತನೆಯದನ್ನು ಇಳಿಸಿಕೊಟ್ಟು, ಅದರ ಮೂಲೆಗೆ ಕಟ್ಟಿದ್ದ ಒಂದು ಕೆಂಪು ಚಿಂದಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಇದು ನಿಮ್ಮವ್ವಂದೇ ಕಣಪ್ಪಾ. ಗುರ್ತಿಗೆ ಅಂತ ಸೀರೆ ಸೆರಗು ಹರ್ದು ಕಟ್ಟೋಳು. ಯಾವ್ದೋ ಬೆಳೆಗೆ ಇಸ್ಕೊಂಡಿದ್ದು, ಕೊಡೋದು ಮರ್ತೇ ಹೋಗಿತ್ತು ನೋಡು."

ನನ್ನ ಒಲೆಗೆ ಹೋದ ಹನ್ನೆರಡರ ಮೂಲೆಗಳಲ್ಲೂ ಆ ಕೆಂಪು ಚಿಂದಿ ಇತ್ತು. ಬೇಗ ಹೊತ್ತಿಕೊಳ್ಳುತ್ತದೆಂದು ನಾನು ಪ್ರತಿದಿನ ಕಡ್ಡಿ ಗೀರುತ್ತಿದ್ದುದು ಅಲ್ಲಿಗೇ. ಅವ್ವ ಇಟ್ಟುಕೊಂಡವೆಲ್ಲ ಹೋಗಿದ್ದವು, ಕೊಟ್ಟದ್ದೊಂದು ಉಳಿದಿತ್ತು. ಪಿಳ್ಳಪ್ಪ ಆ ತಟ್ಟಿಯನ್ನು ಗಾಡಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟು ಹಗ್ಗ ಬಿಗಿದ. ಆಮೇಲೆ, "ಇನ್ನೂ ಮೂರು ಬೇಕು ಕಣ್ಲಾ" ಎಂದ.

ಆ ಮೂರು ಎಲ್ಲೂ ಸಿಗಲಿಲ್ಲ. ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮುನಿತಾಯಮ್ಮನ ಅಂಗಳದಲ್ಲಿ ನಾವು ತಂದ ಚಂದ್ರಂಕಿಗಳೆಲ್ಲ ತುಂಬಿ, ಮಿಕ್ಕ ಹುಳುಗಳು ತಟ್ಟೆಗಳಲ್ಲಿ ತಲೆಯೆತ್ತಿ ಎಳೆ ಬಿಡುವುದಕ್ಕೆ ನೆಲೆ ಹುಡುಕುತ್ತಿದ್ದವು. ಬೇಲಿಯ ಒಣ ತಂಗಡಿ ಕಡ್ಡಿಗಳನ್ನು ಹರಡಿ ಅದರ ಮೇಲೆ ಬಿಡಬಹುದೆಂದು ಮುನಿತಾಯಮ್ಮನಿಗೆ ಗೊತ್ತಿತ್ತು; ಹರಡುವ ಜಾಗವೇ ಇರಲಿಲ್ಲ. ಘಾಟಿಲ್ಲದ, ಧೂಳಿಲ್ಲದ, ಇಲಿ ಹಲ್ಲಿ ಅಡಗಲು ಒಂದು ಡಬ್ಬವೂ ಇಲ್ಲದ ಜಾಗ ಎಲ್ಲಿದೆ?

ಸರೋಜ ನನ್ನ ಮುಖವನ್ನೂ ನೋಡದೆ ನಡುಕೋಣೆಯ ಬಾಗಿಲು ತೆರೆದಳು. ಮುನಿತಾಯಮ್ಮ ಒಳಗೆ ಬಂದು ನಾಲ್ಕೂ ಗೋಡೆ ನೋಡಿ, "ಎಷ್ಟ್ ಚೆಂದಾಗೈತೆ ಸಾಮಿ! ಏನೂ ಇಲ್ಲ!" ಎಂದಳು. ನನ್ನ ಕೋಣೆಗೆ ದೊರೆತ ಮೊದಲನೆಯ ಮತ್ತು ಕೊನೆಯ ಪ್ರಶಸ್ತಿ ಅದು.

ಅರ್ಧ ಗಂಟೆಯಲ್ಲಿ ನನ್ನ ಶೂನ್ಯವೆಲ್ಲ ಕಡ್ಡಿಯಿಂದ ತುಂಬಿತು, ಕಡ್ಡಿಯೆಲ್ಲ ಹುಳುವಿನಿಂದ ತುಂಬಿತು. ಹೇಗೆ ಸಾಗಿದೆಯೆಂದು ನೋಡಲು ನಾನು ಹೊಸ್ತಿಲು ದಾಟಹೋದೆ. ಮುನಿತಾಯಮ್ಮ ಕೈ ಅಡ್ಡ ಹಿಡಿದಳು. "ನೀವು ಬರ್ಬೇಡಿ ಸಾಮಿ. ನಶ್ಯ ಹಾಕ್ತೀರಾ. ಹೊಗೆಸೊಪ್ಪು ಸೋಕಿದ್ರೆ ಹುಳ ಸತ್ತೇ ಹೋಯ್ತವೆ." ಹೀಗೆ, ಬೇಡದ್ದನ್ನೆಲ್ಲ ಹೊರಹಾಕುವ ನನ್ನ ಮಹಾಯಜ್ಞ ಐದು ದಿನಗಳ ಮಟ್ಟಿಗೆ ತನ್ನ ತಾರ್ಕಿಕ ಪರಿಸಮಾಪ್ತಿಯನ್ನು ಮುಟ್ಟಿತು: ಕೋಣೆಯಲ್ಲಿ ಕೊನೆಗೂ ಬೇಡವಾಗಿ ಉಳಿದದ್ದು ನಾನೊಬ್ಬನೇ. ಜಗಲಿಯ ಮೇಲೆ ಕುಳಿತು, ಬಾಗಿಲ ಸಂದಿನಿಂದ ನೋಡಿದೆ. ಸಾವಿರಾರು ತಲೆಗಳು ಅತ್ತಿಂದಿತ್ತ ಆಡುತ್ತ, ತಮ್ಮ ಸುತ್ತಲೂ ತಮಗೆ ಬೇಕಾದಷ್ಟೇ ಮನೆ ಕಟ್ಟಿಕೊಳ್ಳುತ್ತಿದ್ದವು.

ಗೂಡು ಬಿಡಿಸಿದಾಗ, ಕಡ್ಡಿಯ ಮೇಲಿನದರಲ್ಲಿ ಒಂದು ಬುಟ್ಟಿಯಷ್ಟು ಜೋಡಿಗೂಡಾಗಿ ಕೆಟ್ಟಿತ್ತು. ಮುನಿತಾಯಮ್ಮ ಅದನ್ನು ನನ್ನ ಮುಂದೆ ತಂದಿಟ್ಟು, "ಇದು ನಿಮ್ ಸ್ನಾನದ್ದು" ಎಂದಳು. ನಾನು ಅದಕ್ಕೆ ತಲೆಬಾಗಿದೆ. ಉಳಿದದ್ದು ಚೆನ್ನಾಗಿಯೇ ಹೋಯಿತು; ಶೀಟೂ ಬಂತು, ಒಂದು ಗೋಡೆ ಮಾತ್ರ ಮುಂದಿನ ಬೆಳೆಗೆ ಕಾಯಬೇಕಾಯಿತು. ನಾನು ಮೇದರ ಬಳಿ ಕೂತು, ಎದ್ದುಹೋಗದೆ, ಹನ್ನೆರಡು ಹೊಸ ಚಂದ್ರಂಕಿ ಹೆಣೆಸಿ ಆ ಹುಳುಮನೆಗೆ ಇಳಿಸಿದೆ. ಮೂಲೆಗೆ ಕಟ್ಟಲು ಸರೋಜ ತನ್ನ ಹಳೆಯ ಹಸಿರು ಸೀರೆಯೊಂದನ್ನು ಹರಿದುಕೊಟ್ಟಳು. ಅಂಥ ಸೀರೆಯೊಂದನ್ನು ಅದಕ್ಕೆಂದೇ ಇಷ್ಟು ವರ್ಷ ಇಟ್ಟಿದ್ದಳೆಂಬಂತೆ ನನ್ನನ್ನು ನೋಡುತ್ತ. ಆಮೇಲೊಮ್ಮೆ ಮುನಿತಾಯಮ್ಮನ ಮನೆಗೆ ಹೋದರೆ ಕಾಲಿಡಲು ಜಾಗವಿಲ್ಲ. ನಮ್ಮ ಟಿ.ವಿ. ಡಬ್ಬವೂ ಗುಜರಿಯವನಿಂದ ಬಿಡುಗಡೆಗೊಂಡು ಅಲ್ಲಿ ಈರುಳ್ಳಿ ತುಂಬಿಕೊಂಡು ಕುಳಿತಿತ್ತು. ಆಕೆ ನಡುವೆ ಕುಳಿತು, "ನೋಡಿ ಸಾಮಿ, ಒಳಕ್ಕೆ ಬರೋಕೇ ಆಗಲ್ಲ!" ಎಂದು ಹೆಮ್ಮೆಯಿಂದ ಹೇಳಿದಳು. ಅಷ್ಟು ಸುಂದರವಾದ ಗೊಂದಲವನ್ನು ನಾನು ಕಂಡಿಲ್ಲ.

ನಾನೇನೂ ಪಕ್ಷಾಂತರ ಮಾಡಿಲ್ಲ. ತೊಂಬತ್ತರ ದಶಕವೂ ಅರ್ಧ ದಾಟಿದೆ; ನಡುಕೋಣೆ ಇಂದಿಗೂ ಬೋಳಾಗಿದೆ, ಬೋಳಾಗಿಯೇ ಇರುತ್ತದೆ. ಸರೋಜಳ ಥರ್ಮೊಕೋಲು ಅಡಿಗೆಮನೆಯ ಅಟ್ಟದಲ್ಲಿ ತನ್ನ ಪುನರುತ್ಥಾನಕ್ಕೆ ಕಾದಿದೆ. ನಾನು ಅತ್ತ ಸುಳಿಯುವುದಿಲ್ಲ. ಆದರೆ ಪೂರ್ವದ ಗೋಡೆಗೆ ಒಂದು ಗೂಟ ಹೊಡೆಸಿದ್ದೇನೆ. ಅದು ಆ ಕೆಂಪು ಚಿಂದಿಯ ಒಂಬತ್ತನೆಯ ಚಂದ್ರಂಕಿಯ ಸ್ಥಳ. ಅಜ್ಜಿ ಅದನ್ನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಈಗ ಅದು ಅಲ್ಲಿಲ್ಲ. ಸಾಸಲಿನ ಕಡೆ ಯಾರಿಗೋ ಹುಳ ಹಣ್ಣಾದವೆಂದು ಪಿಳ್ಳಪ್ಪ ಹೇಳಿದ, ಕೊಟ್ಟು ಕಳಿಸಿದೆ. ಮರಳಿ ತರುವುದನ್ನು ಅವರು ಮರೆತರೂ ನನಗೆ ಅಡ್ಡಿಯಿಲ್ಲ.

ನಿನ್ನೆ ಬಂದ ನೆಂಟರೊಬ್ಬರು ಕೈಯಲ್ಲಿ ಒದ್ದೆ ಛತ್ರಿ ಹಿಡಿದು ಆ ಗೂಟವನ್ನು ಆಸೆಯಿಂದ ನೋಡಿ, "ಇಲ್ಲಿ ಯಾರೂ ಇಲ್ವಾ?" ಎಂದೇ ಕೇಳಿಬಿಟ್ಟರು.

"ಇದ್ದಾರೆ" ಎಂದೆ, "ಬರ್ತಾರೆ."