ಜಡೆಯೋರ ಹಾಡು

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಇಂಗ್ಲಿಷ್ ಬ್ಯಾಂಡುಗಳ ವಿಷಯಕ್ಕೆ ಬಂದರೆ ಪಿರಿಯಾಪಟ್ಟಣದ ಸುತ್ತಮುತ್ತ ಅವರನ್ನು ಮೀರಿಸುವವರು ನನಗೆ ಸಿಕ್ಕಿಲ್ಲ. ಆ ಬ್ಯಾಂಡುಗಳ ಹೆಸರಿಗೆ ಅವರ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ ಎತ್ತಿಗೆ ಹೆಸರಿಡುವ ಹಾಗೆ ತಾವೇ ಒಂದೊಂದು ಹೆಸರಿಟ್ಟುಕೊಂಡಿದ್ದರು. ಮೂಗಿನಲ್ಲಿ ಹಾಡುವವರು ಗೊಣಗೋರು. ಡ್ರಮ್ಮಿನಲ್ಲೇ ಕಿವಿ ತೂತು ಮಾಡುವವರು ತಮಟೆಯೋರು. ಎಲ್ಲರಿಗಿಂತ ಮೇಲೆ ಜಡೆಯೋರು. ಅವರ ಕೂದಲು ಬೆನ್ನ ತುಂಬಾ ಇಳಿದಿದೆ ಎಂದು ಯಾರೋ ಹೇಳಿದ್ದರು, ಅಷ್ಟೇ. ಅವರ ಫೋಟೊವನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಹೇಳಿದವರು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಗೆಳೆಯರೊಬ್ಬರು. ಚಿಕ್ಕಪ್ಪ ಆಗ ಟ್ರ್ಯಾಕ್ಟರ್ ಇಟ್ಟಿದ್ದರು, ಕ್ಯಾಂಪಿನ ಮುಸುಕಿನ ಜೋಳದ ಹೊಲಗಳನ್ನು ಬಾಡಿಗೆಗೆ ಉಳುತ್ತಿದ್ದರು. ಆ ಹೊಲದವರಲ್ಲೊಬ್ಬರಾದ ಈ ಗೆಳೆಯರು ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋಗಿ ಬರುವಾಗ ಕ್ಯಾಸೆಟ್ ತರುತ್ತಿದ್ದರು. ಇಬ್ಬರೂ ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತು ಹಾಡು ಕೇಳುತ್ತಾ ಬುತ್ತಿ ಬಿಚ್ಚುತ್ತಿದ್ದರಂತೆ. ಒಂದು ಮುಂಗಾರಿನ ಮೊದಲಲ್ಲಿ ಗೆಳೆಯರು ತಮಗಿಷ್ಟವಾದ ಹಾಡುಗಳನ್ನೆಲ್ಲ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಚಿಕ್ಕಪ್ಪನಿಗೆ ಕೊಟ್ಟರು. ಅದರ ಮೇಲೆ ಒಂದಕ್ಷರವೂ ಬರೆದಿರಲಿಲ್ಲ. ಜಡೆಯೋರ ಹಾಡು ಇದ್ದದ್ದು ಅದರಲ್ಲೇ.

ಆ ಸಲ ಮಳೆ ಹಿಡಿದದ್ದು ಬಿಡಲೇ ಇಲ್ಲ. ಚಪ್ಪಲಿಗೆ, ಹುಣಸೆಹಣ್ಣಿಗೆ, ಕೊನೆಗೆ ಕ್ಯಾಸೆಟ್ಟಿಗೂ ಬೂಷ್ಟು ಬಂತು. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಒದ್ದೆಯಾದದ್ದಕ್ಕೆಲ್ಲ ಒಂದೇ ಮದ್ದು, ಬ್ಯಾರನ್ನು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ ಬಿಸಿಯಲ್ಲಿ ಒಣಗಿಸುವ, ನಮ್ಮ ಮಾತಿನಲ್ಲಿ ಬೇಯಿಸುವ, ಆ ಎತ್ತರದ ಗೂಡಿನಂಥ ಮನೆಯೊಳಗೆ ನಾವು ಹಾಸಿಗೆ, ಸ್ಕೂಲ್ ಬ್ಯಾಗು ಎಲ್ಲವನ್ನೂ ಒಣಗಿಸಿದವರೇ. ಚಿಕ್ಕಪ್ಪ ಸೊಪ್ಪು ಇಳಿಸಿದ ಮೇಲೆ, ಬಿಸಿ ಇನ್ನೂ ಆರದಿರುವಾಗ, ಕ್ಯಾಸೆಟ್ಟನ್ನು ಒಳಗಿನ ಗೂಡಿನಲ್ಲಿಟ್ಟು ಬಂದರು. ತೆಗೆದಾಗ ಬೂಷ್ಟು ಹೋಗಿತ್ತು, ಕ್ಯಾಸೆಟ್ಟಿನ ಒಂದು ಮೂಲೆ ಹಪ್ಪಳದ ಹಾಗೆ ಸ್ವಲ್ಪ ಎದ್ದಿತ್ತು. ಹಾಕಿ ನೋಡಿದರೆ ಹಾಡುತ್ತಿತ್ತು. ಇನ್ನೇನು ಬೇಕು?

ನಾನು ಬೆಳೆದದ್ದು ಆ ಕ್ಯಾಸೆಟ್ಟಿನ ಜೊತೆಗೇ. ಸೊಪ್ಪು ಕಟ್ಟುವ ಹೆಂಗಸರೂ ಅದಕ್ಕೆ ಒಗ್ಗಿಹೋಗಿದ್ದರು. ಜಡೆಯೋರ ಹಾಡಿನ ಡ್ರಮ್ಮು ಶುರುವಾದರೆ ಅವರ ಕೈ, ಜೊತೆಗೆ ಕಟ್ಟುತ್ತಿದ್ದ ನನ್ನ ಕೈಯೂ, ತಾನಾಗಿ ಅದರ ಲಯಕ್ಕೆ ಬೀಳುತ್ತಿತ್ತು. ಹಾಡುವವನ ದನಿ ಬಾವಿಯೊಳಗಿಂದ ಬಂದಂತೆ ದಪ್ಪಗೆ, ನಿಧಾನವಾಗಿ ಬರುತ್ತಿತ್ತು. ಅವನಿಗೆ ಏನೋ ದೊಡ್ಡ ದುಃಖವಿದೆ, ಹೇಳಲು ಅವಸರವಿಲ್ಲ ಎಂದು ನಾನು ಅಂದುಕೊಂಡಿದ್ದೆ. ಕ್ಯಾಂಪಿನ ಗೆಳೆಯರು ಮಾತ್ರ ಬ್ಯಾರನ್ನಿನ ಹತ್ತಿರ ಸುಳಿಯುತ್ತಿರಲಿಲ್ಲ, ಸೊಪ್ಪಿನ ಘಾಟು ಅವರಿಗೆ ಆಗುತ್ತಿರಲಿಲ್ಲ. ಆಮೇಲೆ ಟೇಪು ಪದೇ ಪದೇ ಸಿಕ್ಕಿಹಾಕಿಕೊಳ್ಳಲು ಶುರುವಾಯಿತು. ನಮ್ಮವ್ವ ಒಂದು ದಿನ ಬೇಸತ್ತು ಆ ಕರಿ ರೀಲನ್ನೆಲ್ಲ ಎಳೆದು, ಹಕ್ಕಿ ಬಾರದ ಹಾಗೆ ರಾಗಿ ಹೊಲದ ಸುತ್ತ ಕಟ್ಟಿಬಿಟ್ಟರು. ಆ ವರ್ಷ ಜಡೆಯೋರು ಗಾಳಿಗೆ ಗುಂಯ್ ಎನ್ನುತ್ತಾ ರಾಗಿ ಕಾದರು. ಚಿಕ್ಕಪ್ಪ ಎಷ್ಟೋ ದಿನ ಅವ್ವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದೆಲ್ಲ ಹಳೆಯ ಮಾತು. ಈಗ ನಾನು ಹುಣಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ, ಭಾನುವಾರ ಊರಿಗೆ ಹೋಗಿ ಬರುತ್ತೇನೆ. ಹೋದ ವರ್ಷ ಚಿಕ್ಕಪ್ಪನಿಗೆ ಕುಕ್ಕರ್ ಕೂಗುವುದು ಕೇಳುತ್ತಿಲ್ಲ ಎಂದು ಚಿಕ್ಕಮ್ಮನಿಗೆ ಗೊತ್ತಾಯಿತು. ಮೈಸೂರಿಗೆ ಕರೆದುಕೊಂಡು ಹೋದೆ. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಟ್ರ್ಯಾಕ್ಟರ್ ಸದ್ದು ಮತ್ತು ವಯಸ್ಸು ಎರಡೂ ಸೇರಿವೆ, ಇದು ಕಡಿಮೆಯಾಗುವುದಲ್ಲ, ಮುಂದುವರಿಯುತ್ತದೆ ಎಂದರು. ಮೊದಲು ಹೋಗುವುದು ಸಣ್ಣ ದನಿ, ಹಕ್ಕಿ ಕೂಗು, ಮಕ್ಕಳ ಮಾತು. ದಪ್ಪ ಸದ್ದು ಕೊನೆಯವರೆಗೂ ಇರುತ್ತದೆ ಎಂದು ನನಗೆ ಬಿಡಿಸಿ ಹೇಳಿದರು. ಕಿವಿಗೆ ಮಿಷನ್ ಕೊಟ್ಟರು. ಚಿಕ್ಕಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡರು, ಒಳಗೆ ಜೇನುಹುಳ ಬಿಟ್ಟ ಹಾಗಾಗುತ್ತದಂತೆ.

ವಾಪಸ್ ಬರುವಾಗ ಬಸ್ಸು ಇಲವಾಲ ದಾಟಿತು. ಚಿಕ್ಕಪ್ಪ ಕಿಟಕಿಯ ಕಡೆಗೇ ನೋಡುತ್ತಾ ಅಂದರು, “ಕಿವಿ ಇರಾಗ್ಲೇ ಜಡೆಯೋರ್ ಹಾಡ ಒಂದ್ ಸಲ ಕೇಳ್ಬೇಕು ಕಣವ್ವ.”

ನನಗೆ ಮೊದಲಿನಿಂದಲೂ ಕೆದಕುವ ಚಟ. ಸಿಕ್ಕಿಬಿದ್ದ ದಾರದ ಉಂಡೆಯನ್ನೂ ಕತ್ತರಿಸದೆ ತುದಿ ಹುಡುಕುವವಳು ನಾನು. ಇಷ್ಟು ದೊಡ್ಡ ಪ್ರಪಂಚವೇ ಫೋನಿನೊಳಗಿರುವಾಗ ಒಂದು ಹಾಡು ಸಿಗುವುದಿಲ್ಲವೇ ಎಂದು ಹೊರಟೆ. ಗುನುಗಿದರೆ ಹಾಡು ಹುಡುಕಿಕೊಡುತ್ತದಂತೆ ಫೋನು. ನಾನು ಗುನುಗಿದೆ, ಅದು ಯಾವುದೋ ಲಾಲಿ ಹಾಡು ತೋರಿಸಿತು. ಚಿಕ್ಕಪ್ಪ ಗುನುಗಿದರು, ಏನೂ ಸಿಗಲಿಲ್ಲ ಎಂದಿತು. ಹಾಡಿನ ಮಾತಾದರೂ ನೆನಪಿದೆಯೇ ಎಂದರೆ, ನಮಗಿಬ್ಬರಿಗೂ ನೆನಪಿದ್ದದ್ದು ಬರೀ ಊಳು. ಅದನ್ನು ಹೇಗೆ ಟೈಪ್ ಮಾಡುವುದು?

ಕೊನೆಗೆ ಬೈಲಕುಪ್ಪೆಗೇ ಹೋದೆ. ಗೆಳೆಯರಿಗೂ ಈಗ ವಯಸ್ಸಾಗಿದೆ, ಕ್ಯಾಂಪಿನ ರಸ್ತೆಯಲ್ಲಿ ಸ್ವೆಟರಿನ ಸಣ್ಣ ಅಂಗಡಿ ಇಟ್ಟಿದ್ದಾರೆ. ಚಿಕ್ಕಪ್ಪನ ಕಿವಿಯ ವಿಷಯ ಕೇಳಿ ಮುಖ ಸಪ್ಪಗೆ ಮಾಡಿಕೊಂಡರು. ಬೆಣ್ಣೆ ಹಾಕಿದ ಉಪ್ಪು ಟೀ ಕೊಟ್ಟರು. ಜಡೆ ಬಿಟ್ಟವರ ಬ್ಯಾಂಡು ಎಂದೆ. ಆ ಕಾಲದಲ್ಲಿ ಜಡೆ ಬಿಡದ ಬ್ಯಾಂಡು ಯಾವುದಿತ್ತಮ್ಮ ಎಂದು ನಕ್ಕರು. ಗುನುಗಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. ಇಂಥ ಹಾಡು ತಾವು ಕೊಟ್ಟೇ ಇಲ್ಲ ಎಂದರು.

ಆದರೂ ಕೂತರು. ಆಗ ತಾವು ಕೇಳುತ್ತಿದ್ದ ಬ್ಯಾಂಡುಗಳನ್ನು ನೆನಪಿಸಿಕೊಂಡು ಫೋನಿನಲ್ಲಿ ಒಂದೊಂದೇ ಹಾಕಿದರು. ಪ್ರತಿ ಹಾಡಿಗೂ ಒಂದು ಕಥೆ ಇತ್ತು. ಇದನ್ನು ಮೊದಲು ಕೇಳಿದ್ದು ರೈಲಿನಲ್ಲಿ, ಇದು ಅಣ್ಣನಿಗೆ ಇಷ್ಟವಾಗಿದ್ದದ್ದು, ಇದನ್ನು ಹಾಕಿದರೆ ಅಪ್ಪ ಬೈಯುತ್ತಿದ್ದರು ಎಂದು ಹೇಳುತ್ತಾ ಹೋದರು. ಗೊಣಗೋರನ್ನೂ ತಮಟೆಯೋರನ್ನೂ ಗುರುತು ಹಿಡಿದೆ. ಅವರ ಹಾಡುಗಳೂ ಏಕೋ ಓಡುತ್ತಿವೆ ಅನ್ನಿಸಿತು, ಫೋನಿನ ಗುಣ ಇರಬೇಕು ಅಂದುಕೊಂಡೆ. ಟೀ ಮುಗಿದು, ಗಿರಾಕಿಗಳು ಬಂದು ಹೋಗಿ, ನಾನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಾಗ ಒಂದು ಹಾಡು ಶುರುವಾಯಿತು. ಕೀರಲು ದನಿ, ಹಿಂದೆ ಯಾರೋ ಅಟ್ಟಿಸಿಕೊಂಡು ಬಂದಂಥ ಓಟ. ನನಗೆ ಅದರ ಗುರುತೇ ಇರಲಿಲ್ಲ. ಆದರೆ ನನ್ನ ಬೆರಳು ಚೀಲದ ಪಟ್ಟಿಯ ಮೇಲೆ ಸೊಪ್ಪು ಕಟ್ಟುವ ಹಾಗೆ ಸುತ್ತು ಹಾಕುತ್ತಿತ್ತು.

ಎದ್ದವಳು ಕೂತುಬಿಟ್ಟೆ, ಇದು ಜಡೆಯೋರ ಹಾಡೇ. ಹಪ್ಪಳದ ಹಾಗೆ ಎದ್ದಿದ್ದ ಆ ಮೂಲೆ ನೆನಪಾಯಿತು. ಸೊಟ್ಟಗಾದ ಕ್ಯಾಸೆಟ್ಟಿನೊಳಗೆ ರೀಲು ತೇಕುತ್ತಾ ತಿರುಗಿರಬೇಕು. ಹಾಡು ನಿಧಾನವಾಗಿ, ನಿಧಾನವಾದದ್ದಕ್ಕೆ ದನಿಯೂ ದಪ್ಪವಾಗಿ, ನಾವು ಅದನ್ನೇ ಹಾಡು ಅಂದುಕೊಂಡು ಇಷ್ಟು ಕಾಲ ಇದ್ದುಬಿಟ್ಟಿದ್ದೆವು! ಬ್ಯಾರನ್ನಿನ ಕಥೆ ಹೇಳಿದಾಗ ಗೆಳೆಯರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೂ ನಗು ಬಂತು. ಬಸ್ಸಿನಲ್ಲಿ ಮಾತ್ರ ಸ್ವಲ್ಪ ಬೇಜಾರಾಯಿತು. ಆ ದೊಡ್ಡ ದುಃಖ ಹಾಡುವವನದಲ್ಲ, ಕ್ಯಾಸೆಟ್ಟಿನದು.

ಮನೆಗೆ ಬಂದು, ಸರಿಯಾದ ಹಾಡು ಸಿಕ್ಕಿದ ಜಂಬದಲ್ಲಿ ಚಿಕ್ಕಪ್ಪನನ್ನು ಜಗುಲಿಯ ಮೇಲೆ ಕೂರಿಸಿ, ಸ್ಪೀಕರಿಗೆ ಸೇರಿಸಿ ಹಾಕಿದೆ. ಅವರು ತಲೆ ವಾಲಿಸಿ ಕೇಳಿದರು. ಹಾಡು ಅರ್ಧಕ್ಕೆ ಬಂತು. ಸದ್ದು ಜಾಸ್ತಿ ಮಾಡಿದೆ, ಹಟ್ಟಿಯಲ್ಲಿದ್ದ ಕೋಳಿಗಳು ಚೆದುರಿದವು.

“ಬರೀ ತಮಟೆ ಕೇಳ್ತದೆ,” ಅಂದರು. “ಹಾಡೋರ್ ಎಲ್ಲೋದ್ರವ್ವ?”

ಡಾಕ್ಟರು ಹೇಳಿದ್ದು ಇದೇ ಎಂದು ಆಗ ನಿಜವಾಗಿ ಅರ್ಥವಾಯಿತು. ಸಿಗದೆಯೇ ಇದ್ದಿದ್ದರೆ ಚೆನ್ನಾಗಿತ್ತು ಅಂತಲೂ ಅನ್ನಿಸಿತು. ಸುಮ್ಮನೆ ಕೂರಲಾಗದೆ ಫೋನು ಕೆದಕಿದೆ. ಹಾಡನ್ನು ನಿಧಾನ ಮಾಡುವ, ಅದರ ಜೊತೆಗೇ ದನಿಯನ್ನೂ ತಗ್ಗಿಸುವ ಒಂದು ಆ್ಯಪ್ ಸಿಕ್ಕಿತು. ನಮ್ಮ ಹಾಡು ಎಷ್ಟು ನಿಧಾನ ಎಂದು ನನಗೆ ಗೊತ್ತಿತ್ತು, ಸೊಪ್ಪು ಕಟ್ಟುವ ಕೈ ಎಷ್ಟು ನಿಧಾನವೋ ಅಷ್ಟು. ಇಳಿಸಿದೆ, ಇನ್ನಷ್ಟು ಇಳಿಸಿದೆ, ಬೆರಳಿಗೆ ಸರಿ ಅನ್ನಿಸಿದ ಕಡೆ ನಿಲ್ಲಿಸಿ ಮತ್ತೆ ಹಾಕಿದೆ.

ಡ್ರಮ್ಮು ಬಂತು. ಚಿಕ್ಕಪ್ಪ ಗೋಡೆಗೆ ಒರಗಿದ್ದವರು ಮುಂದಕ್ಕೆ ಬಾಗಿದರು. ಬಾವಿಯೊಳಗಿನ ಆ ದಪ್ಪ ದನಿ ಎದ್ದಿತು. ಅವರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು, ನಾನು ಮಾತಾಡಿರಲೇ ಇಲ್ಲ.

“ಅಗೋ,” ಅಂದರು. “ಬಂದ್ರು.”

ಬ್ಯಾರನ್ನು ಹಾಡನ್ನು ಕೆಡಿಸಿತ್ತು, ನಿಜ. ಆದರೆ ಅವರ ಕಿವಿ ಇವತ್ತು ಎಲ್ಲಿಗೆ ಇಳಿದಿದೆಯೋ, ಹಾಡನ್ನು ಅಂದೇ ಅಲ್ಲಿಗೆ ಇಳಿಸಿಟ್ಟಿತ್ತು. ನಾನು ಅತ್ತೆ. ಅವರು ನೋಡಲಿಲ್ಲ, ಹಾಡು ಕೇಳುತ್ತಿದ್ದರು.

ಹೋದ ತಿಂಗಳು ಕ್ಯಾಂಪಿನ ಗೆಳೆಯರು ಊರಿಗೆ ಬಂದಿದ್ದರು. ಈಗ ಬ್ಯಾರನ್ನಿನಲ್ಲಿ ಸೊಪ್ಪಿಲ್ಲದ ಕಾಲ, ಘಾಟಿನ ಭಯವಿಲ್ಲ. ಇಬ್ಬರೂ ಜಗುಲಿಯ ಮೇಲೆ ಕೂತು ನಮ್ಮ ಹಾಡು ಕೇಳಿದರು. ಗೆಳೆಯರು ತಡೆಯಲಾರದೆ, ಇದು ಕೆಟ್ಟುಹೋಗಿದೆ, ಸರಿಯಾದದ್ದು ತಮ್ಮ ಫೋನಿನಲ್ಲಿದೆ, ಹಾಕಲೇ ಎಂದು ಕೇಳಿದರು. ಚಿಕ್ಕಪ್ಪನಿಗೆ ಕೇಳಿಸಲಿ ಎಂದು ಜೋರಾಗಿಯೇ ಕೇಳಿದರು.

ಚಿಕ್ಕಪ್ಪ ಅವರ ತೊಡೆ ತಟ್ಟಿದರು. “ನಿಂದು ಅಸಿ ಸೊಪ್ಪು ಕಣಯ್ಯ, ಬುಡು. ನಮ್ದು ಬೇಯ್ಸಿದ್ದು.”