ಅರ್ಧ ಸಾಕು ಅಂದಿದ್ದೆ

ರಾಜಾಜಿನಗರದ ನಮ್ಮ ಷೇರು ಬ್ರೋಕರ್ ಆಫೀಸಿಗೆ ಪುಟ್ಟಮ್ಮ ಬಂದಾಗ, ಅವರು ದುಡಿದು ರಿಟೈರಾದ ಫ್ಯಾಕ್ಟರಿಯನ್ನು ಬೇರೊಂದು ಕಂಪನಿ ಕೊಳ್ಳಲು ಹೊರಟಿತ್ತು. ಷೇರುದಾರರಿಗೆ ಮಾರುಕಟ್ಟೆಗಿಂತ ಒಳ್ಳೆ ಬೆಲೆ ಕೊಡ್ತೀವಿ ಅಂದಿತ್ತು. ಆದರೆ ಕೊಳ್ಳುವುದು ಇಂತಿಷ್ಟೇ ಷೇರು.

"ನನ್ನತ್ರ ಇರೋ ಷೇರೆಲ್ಲ ಕೊಟ್ಬಿಡ್ಲಾ ಸಾರ್?" ಅಂತ ಕೇಳಿದರು.

"ಅರ್ಧ ಕೊಡಿ, ಅರ್ಧ ಇಟ್ಕೊಳ್ಳಿ. ಅದೇ ಸೇಫು" ಅಂದೆ.

ಅವರಿಗೆ ಅದು ಹಿಡಿಸಲಿಲ್ಲ. "ನಮ್ಮ ಫ್ಯಾಕ್ಟರೀಲಿ ನಾಲ್ಕು ದಿನ ರಜ ಬೇಕಿದ್ರೆ ಎಂಟು ದಿನಕ್ಕೆ ಬರೀತಿದ್ವಿ. ಹೆಂಗೂ ಸೂಪರ್‌ವೈಸರ್ ಅರ್ಧ ಹೊಡೆದುಹಾಕ್ತಿದ್ರು."

"ಇದು ರಜಾ ಚೀಟಿ ಅಲ್ಲಮ್ಮ" ಅಂತ ನಕ್ಕುಬಿಟ್ಟೆ. ಅವರು ಅರ್ಧಕ್ಕೇ ಸಹಿ ಹಾಕಿದರು.

ಷೇರು ಕೊಡೋಕೆ ಎಲ್ಲರೂ ಮುಗಿಬಿದ್ದರು. ಹಾಗಾಗಿ ಕಂಪನಿ ಪ್ರತಿಯೊಬ್ಬರು ಕೊಟ್ಟಿದ್ದರಲ್ಲಿ ಅರ್ಧವನ್ನಷ್ಟೇ ತೆಗೆದುಕೊಂಡು, ಮಿಕ್ಕಿದ್ದನ್ನು ವಾಪಸ್ ಕಳಿಸಿತು. ಪುಟ್ಟಮ್ಮನ ಷೇರಿನಲ್ಲಿ ಕಾಲು ಭಾಗಕ್ಕೆ ಮಾತ್ರ ಆ ಬೆಲೆ ಸಿಕ್ಕಿತು. ಆಮೇಲೆ ಮಾರುಕಟ್ಟೆ ಬೆಲೆಯೂ ಬಿದ್ದುಹೋಯಿತು.

ವಿಷಯ ಹೇಳಿದಾಗ ಬೈತಾರೆ ಅಂದುಕೊಂಡಿದ್ದೆ. "ಬಿಡಿ ಸಾರ್, ನಿಮಗೇನು ಗೊತ್ತಿತ್ತು" ಅಂದರು. ಅದು ಗೊತ್ತಿರಲಿ ಅಂತಲೇ ನನಗೆ ಸಂಬಳ ಕೊಡೋದು.

ಮೊನ್ನೆ ನನಗೆ ಎರಡು ದಿನ ರಜ ಬೇಕಿತ್ತು. ನಾಲ್ಕು ದಿನಕ್ಕೆ ಬರೆದೆ. ಎರಡು ಸಿಕ್ಕಿತು.